ಆರು ತಿಂಗಳು ಬರೀ ಕೆಳಗೇ ಇದ್ದೆ: ಜಿಯು-ಜಿಟ್ಸು ಕಲಿತ ನನ್ನ ಅನುಭವ

ಬ್ರೆಜಿಲಿಯನ್ ಜಿಯು-ಜಿಟ್ಸು ಅಂದರೆ ಹೊಡೆಯದೆ, ಎದುರಿನವರನ್ನು ನೆಲಕ್ಕೆ ಕೆಡವಿ ಹಿಡಿದು, ಕೀಲು ತಿರುಚಿ ಇಲ್ಲಾ ಕುತ್ತಿಗೆ ಬಿಗಿದು ಸೋಲೊಪ್ಪಿಸುವ ಆಟ. ಮೊದಲ ಕ್ಲಾಸಿನ ಕೊನೆಗೆ ಕೋಚ್ ಐದು ನಿಮಿಷದ ಒಂದು ರೌಂಡ್ ಆಡಿಸಿದರು. ನನಗೆ ಜೋಡಿಯಾಗಿ ಸಿಕ್ಕಿದ್ದು ನನಗಿಂತ 15 ಕೆಜಿಯಾದರೂ ಹಗುರ ಇದ್ದ ಒಬ್ಬ ಹೆಂಗಸು, ಬ್ಲೂ ಬೆಲ್ಟ್, ಅಂದರೆ ಹೊಸಬರ ಬಿಳಿ ಬೆಲ್ಟ್ ದಾಟಿದ ಮೇಲಿನ ಮೆಟ್ಟಿಲು. ಇವರಿಗೆ ಪೆಟ್ಟಾಗದ ಹಾಗೆ ನೋಡ್ಕೋಬೇಕು ಅಂತ ಮನಸ್ಸಲ್ಲೇ ಅಂದುಕೊಂಡೆ, ನಿಜವಾಗ್ಲೂ. ಎರಡು ನಿಮಿಷ ಆಗುವಷ್ಟರಲ್ಲಿ ಮೂರು ಸಲ ಟ್ಯಾಪ್ ಮಾಡಿದ್ದೆ, ಅಂದರೆ ಸೋತೆ, ಬಿಡಿ ಅಂತ ಕೈ ತಟ್ಟಿದ್ದೆ. ನಾಲ್ಕನೇ ಸಲ ಅವರು ಯಾವ ಪಟ್ಟೂ ಹಾಕಿರಲಿಲ್ಲ. ಸುಮ್ನೆ ನನ್ನ ಎದೆ ಮೇಲೆ ಮಲಗಿದ್ದರು, ನನಗೆ ಉಸಿರು ಸಿಗುತ್ತಿರಲಿಲ್ಲ, ಅಷ್ಟಕ್ಕೇ ಟ್ಯಾಪ್. ಆಮೇಲೆ ನೀರಿನ ಬಾಟಲಿ ಮುಚ್ಚಳ ತಿರುಗಿಸಲು ಹೋದರೆ ಬೆರಳುಗಳು ಮಡಚಲೇ ಇಲ್ಲ. ಹಲ್ಲಲ್ಲಿ ಕಚ್ಚಿ ತೆಗೆದೆ.

ಈಗ ನಾನೂ ಬ್ಲೂ ಬೆಲ್ಟ್. ಹಾಗಂತ ದೊಡ್ಡ ಪಾಠ ಹೇಳುವಷ್ಟು ಏನೂ ಗೊತ್ತಿಲ್ಲ, ಈ ಆಟದಲ್ಲಿ ಬ್ಲೂ ಬೆಲ್ಟ್ ಅಂದರೆ ಈಗಷ್ಟೇ ಅಂಬೆಗಾಲು ಬಿಟ್ಟು ನಿಂತ ಮಗು. ಆದರೆ ಹೊಸಬರು ಬಂದು ಕೇಳುವ ಪ್ರಶ್ನೆಗಳೆಲ್ಲ ನಾನು ಮೊನ್ನೆ ಮೊನ್ನೆ ಕೇಳಿದವೇ. ಬ್ಲ್ಯಾಕ್ ಬೆಲ್ಟ್‌ಗಳಿಗೆ ಅವು ಮರೆತೇ ಹೋಗಿರುತ್ತವೆ. ನನಗಿನ್ನೂ ನೆನಪಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಸುಸ್ತಿನ ಬಗ್ಗೆ. "ನಾನು ದಿನಾ ಓಡ್ತೀನಿ, ಜಿಮ್ ಮಾಡ್ತೀನಿ, ಇಲ್ಲಿ ಎರಡೇ ನಿಮಿಷಕ್ಕೆ ಯಾಕೆ ಹೀಗಾಗುತ್ತೆ?" ನಾನೂ ಓಡುತ್ತಿದ್ದವನೇ. ಸ್ಟ್ಯಾಮಿನಾ ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಓಡಿದೆ, ಏನೂ ಉಪಯೋಗ ಆಗಲಿಲ್ಲ. ಎರಡು ತಿಂಗಳಾದ ಮೇಲೆ ಕೋಚ್ ಒಂದು ಕೆಲಸ ಹೇಳಿದರು. "ಈ ರೌಂಡಲ್ಲಿ ಏನೂ ಮಾಡಬೇಡಿ. ಎಷ್ಟು ಸಲ ಉಸಿರು ಬಿಟ್ರಿ ಅಂತ ಎಣಿಸಿ ನನಗೆ ಹೇಳಿ." ಎಣಿಸಲು ಹೋದಾಗಲೇ ಗೊತ್ತಾಗಿದ್ದು, ಎಣಿಸಲು ಅಲ್ಲಿ ಏನೂ ಇರಲಿಲ್ಲ. ಮೈಮೇಲೆ ಭಾರ ಬಿದ್ದ ತಕ್ಷಣ ನೀರಲ್ಲಿ ಮುಳುಗಿದವನ ಹಾಗೆ ಉಸಿರು ಕಟ್ಟಿ, ಹಲ್ಲು ಕಚ್ಚಿ, ಕೈಗೆ ಸಿಕ್ಕಿದ ಬಟ್ಟೆ ಹಿಡಿದು ಜಗ್ಗುತ್ತಿದ್ದೆ. ಆ ಬಟ್ಟೆ ಹಿಡಿದು ಏನು ಮಾಡಬೇಕು ಅಂತಲೂ ಗೊತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಮುಚ್ಚಳ ತೆಗೆಯಲು ಆಗದ ಬೆರಳುಗಳ ಗುಟ್ಟು ಅದು. ಅಲ್ಲಿಂದ ಮುಂದೆ ಪ್ರತಿ ಸಲ ಮೈ ಅಲುಗಿಸುವಾಗ ಬಾಯಲ್ಲಿ ಸದ್ದು ಬರುವ ಹಾಗೆ ಉಸಿರು ಬಿಡುವುದನ್ನು ರೂಢಿ ಮಾಡಿಕೊಂಡೆ. ನೋಡುವವರಿಗೆ ನಗು ಬರುತ್ತಿತ್ತು. ಬರಲಿ, ನನಗೆ ಐದು ನಿಮಿಷ ಮುಗಿಸಲು ಆಗುತ್ತಿತ್ತಲ್ಲ.

ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬರುವುದು ಒಂದು ಕಥೆ ಕೇಳಿ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ, ಅಂದರೆ ಬೇರೆ ಬೇರೆ ಹೋರಾಟದ ವಿದ್ಯೆಯವರು ಎದುರುಬದುರಾದ ಪಂದ್ಯದಲ್ಲಿ, ಹಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ ಕಥೆ. ನೋಡಲು ದೊಡ್ಡ ಆಳೇನಲ್ಲ, ಬಿಳಿ ಗಿ (ಜೂಡೋದವರು ಹಾಕುವಂಥ ದಪ್ಪ ಬಟ್ಟೆ) ಹಾಕಿಕೊಂಡಿದ್ದ, ಎದುರಿಗಿದ್ದವರನ್ನು ನೆಲಕ್ಕೆ ಕೆಡವಿ ಪಟ್ಟು ಹಾಕಿದ. ಸಣ್ಣವನು ದೊಡ್ಡವನನ್ನು ಸೋಲಿಸಬಹುದು ಎನ್ನುವುದು ನಿಜ. ಆದರೆ ಅವನು ಹುಟ್ಟಿದ ಮನೆಯಲ್ಲೇ ಆ ವಿದ್ಯೆ ಇತ್ತು, ಅವನ ಅಪ್ಪ ಹೇಲಿಯೋ ಗ್ರೇಸಿ, ಬ್ರೆಜಿಲ್‌ನಲ್ಲಿ ಈ ಆಟ ಬೆಳೆಸಿದವರಲ್ಲಿ ಒಬ್ಬರು. ಎದುರಿಗಿದ್ದವರಲ್ಲಿ ಹೆಚ್ಚಿನವರಿಗೆ ಈ ನೆಲದ ಆಟದ ರುಚಿ ಅಷ್ಟಾಗಿ ಗೊತ್ತಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಹಾಗಲ್ಲ. ನಾವು ಕಲಿಯುತ್ತಿರುವುದನ್ನೇ ಎದುರಿನವರೂ ಕಲಿಯುತ್ತಿರುತ್ತಾರೆ, ಅದೂ ನಮಗಿಂತ ಎರಡು ವರ್ಷ ಮುಂಚಿನಿಂದ. ಮೂರನೇ ವಾರದಲ್ಲಿ "ಇದು ಕೆಲಸ ಮಾಡಲ್ಲ" ಅಂತ ಅನಿಸುವುದು ಇದೇ ಕಾರಣಕ್ಕೆ. ಕೆಲಸ ಮಾಡುತ್ತಿದೆ, ಆದರೆ ನಮ್ಮ ಮೇಲೆ!

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಪಟ್ಟುಗಳ ಹಿಂದೆ ಬಿದ್ದಿದ್ದು. ರಾತ್ರಿ ಮಲಗುವ ಮುಂಚೆ ವಿಡಿಯೋ ನೋಡುತ್ತಿದ್ದೆ. ಟ್ರಯಾಂಗಲ್ (ಕಾಲಲ್ಲಿ ಕುತ್ತಿಗೆ ಬಿಗಿಯುವುದು), ಆರ್ಮ್‌ಬಾರ್ (ಮೊಣಕೈ ಉಲ್ಟಾ ಬಾಗಿಸುವುದು), ಗಿಲೋಟಿನ್ (ಎದುರಿಂದ ಕೈಯಲ್ಲಿ ಕುತ್ತಿಗೆ ಬಿಗಿಯುವುದು), ಹಾರಿ ಹಾಕುವ ಆರ್ಮ್‌ಬಾರ್ ಕೂಡ. ಮರುದಿನ ಮ್ಯಾಟ್ ಮೇಲೆ ಅದರಲ್ಲಿ ಒಂದನ್ನೂ ಹಾಕಲು ಅವಕಾಶವೇ ಸಿಗುತ್ತಿರಲಿಲ್ಲ, ಯಾಕೆಂದರೆ ರೌಂಡ್ ಶುರುವಾಗಿ ಅರ್ಧ ನಿಮಿಷಕ್ಕೆ ನಾನು ಸೈಡ್ ಕಂಟ್ರೋಲ್ ಕೆಳಗೆ ಸಿಕ್ಕಿಬಿದ್ದಿರುತ್ತಿದ್ದೆ. ಒಬ್ಬರು ನನ್ನ ಎದೆಗೆ ಎದೆ ಕೊಟ್ಟು ಅಡ್ಡ ಮಲಗಿರುವ ಸ್ಥಿತಿ ಅದು. ಉಳಿದ ನಾಲ್ಕೂವರೆ ನಿಮಿಷ ಅಲ್ಲೇ ವಾಸ. ವಾಸ ಇರುವ ಮನೆ ಬಿಟ್ಟು ಬೇರೆಲ್ಲ ಕಡೆಯ ನಕ್ಷೆ ಓದುತ್ತಿದ್ದೆ ನಾನು.

ಹಾಗಾಗಿ ಮೂರನೇ ತಿಂಗಳಿಂದ ಒಂದೇ ಒಂದು ಕೆಲಸ ಇಟ್ಟುಕೊಂಡೆ. ಸೈಡ್ ಕಂಟ್ರೋಲ್‌ನಿಂದ ಹೊರಗೆ ಬರುವುದು. ಗೆಲ್ಲುವುದು ಬೇಡ, ಪಟ್ಟು ಹಾಕುವುದು ಬೇಡ. ಜೋಡಿಗೆ ಮೊದಲೇ ಹೇಳುತ್ತಿದ್ದೆ, "ನೀವು ಮೇಲಿಂದಲೇ ಶುರು ಮಾಡಿ, ನಾನು ಕೆಳಗಿರ್ತೀನಿ." ಯಾರೂ ಬೇಡ ಅನ್ನಲಿಲ್ಲ, ಪುಕ್ಕಟೆ ಸಿಕ್ಕರೆ ಯಾರು ಬಿಡ್ತಾರೆ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಒದ್ದಾಡುವುದು. ಹೊಸಬರ ಕೈ ತಾನಾಗಿಯೇ ಮಾಡುವ ಕೆಲಸ ಏನು? ಮೇಲಿರುವವರ ಎದೆಗೆ ಎರಡೂ ಅಂಗೈ ಕೊಟ್ಟು, ಕೈ ನೇರ ಮಾಡಿ ತಳ್ಳುವುದು. ಅದನ್ನೇ ಅವರು ಕಾಯುತ್ತಿರುತ್ತಾರೆ. ನೇರವಾದ ಕೈ ಅಂದರೆ ತಟ್ಟೆಯಲ್ಲಿಟ್ಟು ಕೊಟ್ಟ ಆರ್ಮ್‌ಬಾರ್. ಅಂಗೈ ಬಿಟ್ಟು ಮುಂಗೈ ಮೂಳೆ ಬಳಸಬೇಕು. ಒಂದು ಮುಂಗೈ ಅವರ ಕತ್ತಿನ ಹತ್ತಿರ, ಇನ್ನೊಂದು ಅವರ ಸೊಂಟದ ಮೂಳೆಗೆ ಅಡ್ಡ, ಮೊಣಕೈ ನಮ್ಮ ಪಕ್ಕೆಗೆ ಹತ್ತಿರ. ಇದಕ್ಕೆ ಫ್ರೇಮ್ ಅಂತಾರೆ. ಬಾಗಿಲಿಗೆ ಅಡ್ಡ ಕೊಟ್ಟ ಮರದ ಹಾಗೆ ಅದು ಸುಮ್ನೆ ನಿಂತಿರುತ್ತೆ, ಸ್ನಾಯು ದಣಿಯಲ್ಲ. ಬೆನ್ನು ಪೂರ್ತಿ ನೆಲಕ್ಕೆ ಅಂಟಿಸಿ ಮಲಗಿದರೆ ಕಥೆ ಮುಗಿಯಿತು, ಅವರ ಕಡೆಗೆ ಸ್ವಲ್ಪ ಮಗ್ಗುಲಾಗಬೇಕು. ಆಮೇಲೆ ಪಾದ ಊರಿ ಸೊಂಟ ಮೇಲೆತ್ತಿ ಒಂದು ಬ್ರಿಜ್, ಅವರ ಭಾರ ಒಂದು ಕ್ಷಣ ಮುಂದಕ್ಕೆ ವಾಲುತ್ತೆ. ಆ ಕ್ಷಣದಲ್ಲೇ ಸೊಂಟವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ವಾರ್ಮಪ್‌ನಲ್ಲಿ ಬೇಜಾರಿಂದ ಮಾಡುತ್ತೇವಲ್ಲ, ಶ್ರಿಂಪ್, ಅದೇ. ಖಾಲಿಯಾದ ಜಾಗಕ್ಕೆ ಮೊಣಕಾಲು ತೂರಿಸಿದರೆ ಮತ್ತೆ ಗಾರ್ಡ್ ಸಿಕ್ಕಿತು, ಅಂದರೆ ಕೆಳಗಿದ್ದರೂ ನಮ್ಮ ಕಾಲು ಇಬ್ಬರ ನಡುವೆ ಅಡ್ಡ ಇರುವ ಸ್ಥಿತಿ.

ಬರೆಯಲು ನಾಲ್ಕು ಸಾಲು. ನನಗೆ ಬರಲು ನಾಲ್ಕು ತಿಂಗಳು. ಅವರನ್ನು ತಳ್ಳಬೇಕು ಎನ್ನುವ ಯೋಚನೆ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಒಂದು ದಿನ ಕೋಚ್ ನನ್ನನ್ನು ಗೋಡೆ ಪಕ್ಕ ಮಲಗಿಸಿ ಗೋಡೆ ತಳ್ಳಿ ಅಂದರು. ತಳ್ಳಿದೆ. ಗೋಡೆ ಎಲ್ಲಿ ಹೋಗುತ್ತೆ, ನಾನೇ ಜಾರಿ ಈಚೆ ಬಂದೆ. "ಅಷ್ಟೇ ರೀ," ಅಂದು ಹೊರಟುಹೋದರು. ಆ ಗೋಡೆಯಿಂದ ಕಲಿತಷ್ಟು ಯಾವ ವಿಡಿಯೋದಿಂದಲೂ ಕಲಿಯಲಿಲ್ಲ.

ತಮಾಷೆ ಏನು ಗೊತ್ತಾ, ಸ್ಪರ್ಧೆಯಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ. ಎದುರಿನವರನ್ನು ಕೆಡವಿದರೆ 2, ಸ್ವೀಪ್‌ಗೆ (ಗಾರ್ಡ್‌ನಿಂದ ಅವರನ್ನು ಉರುಳಿಸಿ ಮೇಲೆ ಬರುವುದು) 2, ಗಾರ್ಡ್ ದಾಟಿದರೆ 3, ಮೌಂಟ್ (ಮೈಮೇಲೆ ಸವಾರಿ ಕೂರುವುದು) ಅಥವಾ ಬೆನ್ನು ಹಿಡಿದರೆ 4. ಕೆಳಗಿನಿಂದ ತಪ್ಪಿಸಿಕೊಂಡು ಗಾರ್ಡ್‌ಗೆ ವಾಪಸ್ ಬಂದವನಿಗೆ ಸೊನ್ನೆ. ನಾನು ಆರು ತಿಂಗಳು ಕಲಿತದ್ದೆಲ್ಲ ಸೊನ್ನೆ ಅಂಕದ ವಿದ್ಯೆ. ಆದರೆ ಅದು ಬಂದ ಮೇಲೇ ಧೈರ್ಯ ಬಂದಿದ್ದು. ಗಾರ್ಡ್ ಹೋದರೆ ಹೋಗಲಿ, ವಾಪಸ್ ಬರುವ ದಾರಿ ಗೊತ್ತಲ್ಲ ಅಂತ ಆಮೇಲೆ ಟ್ರಯಾಂಗಲ್ ಹಾಕಲೂ ಪ್ರಯತ್ನಿಸಿದೆ. ಈಗಲೂ ಹತ್ತರಲ್ಲಿ ಎಂಟು ಸಲ ತಪ್ಪುತ್ತೆ ಬಿಡಿ.

ಟ್ಯಾಪ್ ಬಗ್ಗೆ ಹೇಳಲೇಬೇಕು, ಇದರಲ್ಲಿ ನನ್ನ ಮೂರ್ಖತನ ಇದೆ. 1951ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೋ ಕಿಮುರಾ, ಹೇಲಿಯೋ ಗ್ರೇಸಿಯ ಕೈ ತಿರುಚಿ ಪಟ್ಟು ಹಾಕಿದರು. ಹೇಲಿಯೋ ಟ್ಯಾಪ್ ಮಾಡಲಿಲ್ಲ, ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದು ಆಟ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಗೆದ್ದವರ ಹೆಸರೇ ಉಳಿಯಿತು, ಕಿಮುರಾ. ಈ ಕಥೆ ಕೇಳಿದ ವಾರವೇ ನನ್ನಂಥವನೇ ಇನ್ನೊಬ್ಬ ವೈಟ್ ಬೆಲ್ಟ್ ನನಗೆ ಕಿಮುರಾ ಹಾಕಿದ. ನಾನು ಹೇಲಿಯೋ ಆಗಲು ಹೋದೆ. ಭುಜದಲ್ಲಿ ಟಕ್ ಅಂತ ಸದ್ದು. ಆರು ವಾರ ಮ್ಯಾಟ್ ಮುಖ ನೋಡಲಿಲ್ಲ. ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ತೆಗೆಯಲು ಆಗುತ್ತಿರಲಿಲ್ಲ, ಶರ್ಟ್ ಹಾಕಿಕೊಳ್ಳುವುದೇ ಒಂದು ಕುಸ್ತಿ. ಹೇಲಿಯೋ ಎದುರಿಗೆ ಸಾವಿರಾರು ಜನ ಇದ್ದರು, ನನ್ನ ಎದುರಿಗೆ ನೀರು ಕುಡಿಯುತ್ತಿದ್ದ ಇಬ್ಬರು ಮಾತ್ರ, ಅವರೂ ಆ ಕಡೆ ತಿರುಗಿದ್ದರು.

ಆದ್ದರಿಂದ ಕೀಲಿನ ಪಟ್ಟಿಗೆ ನೋವು ಬರುವ ತನಕ ಕಾಯಬೇಡಿ, ಕೈ ಸಿಕ್ಕಿಬಿತ್ತು, ಬಿಡಿಸಿಕೊಳ್ಳಲು ಬರುತ್ತಿಲ್ಲ ಅನಿಸಿದರೆ ಅಲ್ಲೇ ಟ್ಯಾಪ್. ಕುತ್ತಿಗೆಯ ಎರಡೂ ಪಕ್ಕದ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತೆ, ಅದರಲ್ಲಿ ನೋವೇ ಇಲ್ಲದಿರಬಹುದು. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಇನ್ನೂ ಮೋಸ, ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹೋಗಿರಬಹುದು. ಐಬಿಜೆಜೆಎಫ್ (ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ) ಸ್ಪರ್ಧೆಗಳಲ್ಲಿ ವೈಟ್ ಬೆಲ್ಟ್‌ಗಳಿಗೆ ಅದು ನಿಷಿದ್ಧ ಆಗಿರುವುದು ಸುಮ್ನೆ ಅಲ್ಲ. ಎರಡೂ ಕೈ ಸಿಕ್ಕಿಕೊಂಡಿದ್ದರೆ ಕಾಲಲ್ಲಿ ಮ್ಯಾಟ್ ಬಡಿಯಿರಿ, ಇಲ್ಲಾ ಬಾಯಿಬಿಟ್ಟು "ಟ್ಯಾಪ್" ಅಂತ ಕೂಗಿ.

ಇನ್ನೊಂದು ಕಡೆ ನಾನೇ ಅಪಾಯ ಆಗಿದ್ದೆ. ಹೊಸಬರ ಮೈಯಲ್ಲಿ ಎಲ್ಲವೂ ಒಟ್ಟಿಗೇ ಅಲ್ಲಾಡುತ್ತೆ, ಮೊಣಕೈ ಎಲ್ಲಿ ಹೋಗುತ್ತಿದೆ ಅಂತ ಗೊತ್ತಿರಲ್ಲ. ನನ್ನ ಮೊಣಕೈ ಒಬ್ಬರ ಮೂಗಿಗೆ ಬಡಿದು ರಕ್ತ ಬಂತು. ಅವರು ಬೈಯಲಿಲ್ಲ, ಮ್ಯಾಟ್ ಒರೆಸಿ ಬಂದು "ಅರ್ಧ ಸ್ಪೀಡಲ್ಲಿ ಆಡೋಣ್ವಾ?" ಅಂದರು. ಅರ್ಧ ಸ್ಪೀಡಲ್ಲಿ ಆಡಿದಾಗಲೇ ಅವರು ಏನು ಮಾಡುತ್ತಿದ್ದಾರೆ ಅಂತ ಮೊದಲ ಸಲ ಕಣ್ಣಿಗೆ ಕಂಡಿದ್ದು. ಈಗ ಯಾರ ಜೊತೆ ಆಡಿದರೂ ಮೊದಲೇ ಸ್ಪೀಡ್ ಕೇಳಿಕೊಳ್ಳುತ್ತೇನೆ.

ಕಲಿಸಿದ್ದು ನೆನಪಿರಲ್ಲ ಎನ್ನುವುದು ಇನ್ನೊಂದು ಗೋಳು. ನನಗೂ ಇರುತ್ತಿರಲಿಲ್ಲ. ಪುಟಗಟ್ಟಲೆ ನೋಟ್ಸ್ ಬರೆದೆ, ಮರುದಿನ ನನಗೇ ಅರ್ಥ ಆಗಲಿಲ್ಲ. "ಎಡಗೈಯಿಂದ ಬಲಗೈ, ಆಮೇಲೆ ಕಾಲು ಆ ಕಡೆ" ಅಂತೆ. ಯಾವ ಕಾಲು, ಯಾರ ಕಾಲು? ಈಗ ಕ್ಲಾಸ್ ಮುಗಿದ ಮೇಲೆ ಒಂದೇ ಸಾಲು ಬರೆಯುತ್ತೇನೆ, ಇವತ್ತು ಎಲ್ಲಿ ಸಿಕ್ಕಿಬಿದ್ದೆ ಅಂತ. ಮುಂದಿನ ಕ್ಲಾಸಿನಲ್ಲಿ ಅದೊಂದನ್ನೇ ಕೇಳುತ್ತೇನೆ. ಕೋಚ್‌ಗೂ ಅದೇ ಇಷ್ಟ, "ಎಲ್ಲಾ ಹೇಳಿಕೊಡಿ" ಅಂದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು?

ವಾರಕ್ಕೆ ಎಷ್ಟು ದಿನ ಅಂತ ಕೇಳಿದರೆ ನನ್ನ ಲೆಕ್ಕ ಎರಡು ಅಥವಾ ಮೂರು. ಮೊದಲ ತಿಂಗಳು ಹುರುಪಿನಲ್ಲಿ ಐದು ದಿನ ಹೋಗಿ, ಎರಡನೇ ತಿಂಗಳ ಅರ್ಧ ಪಕ್ಕೆ ಹಿಡ್ಕೊಂಡು ಮನೆಯಲ್ಲಿ ಕೂತೆ.

ಉಗುರು ಕತ್ತರಿಸಿ, ಗಿ ಪ್ರತಿ ಸಲ ಒಗೆಯಿರಿ, ಮ್ಯಾಟ್‌ನಿಂದ ಇಳಿದ ಕೂಡಲೇ ಸ್ನಾನ ಮಾಡಿ. ನಾನು ಒಂದೇ ರ್‍ಯಾಷ್‌ಗಾರ್ಡ್ (ಮೈಗೆ ಅಂಟಿಕೊಳ್ಳುವ ಅಂಗಿ) ಅನ್ನು ಎರಡು ದಿನ ಹಾಕಿಕೊಂಡು ಮೊಣಕೈ ಹತ್ತಿರ ಹುಳುಕಡ್ಡಿ ತರಿಸಿಕೊಂಡೆ. ಹೆಸರಲ್ಲಿ ಹುಳ ಇದ್ದರೂ ಅದು ಫಂಗಸ್, ಮೈಯಿಂದ ಮೈಗೆ ಹರಡುತ್ತೆ, ಹಾಗಾಗಿ ವಾಸಿ ಆಗುವ ತನಕ ಕ್ಲಾಸಿಗೆ ಹೋಗುವ ಹಾಗಿಲ್ಲ. ಕಿವಿ ಊದಿಕೊಂಡರೂ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಒಳಗೆ ಸೇರಿದ ರಕ್ತ ಹಾಗೇ ಗಟ್ಟಿಯಾದರೆ ಆ ಆಕಾರವೇ ಉಳಿದುಬಿಡುತ್ತೆ.

ಬೆಲ್ಟ್ ಬಗ್ಗೆ ನಾನು ಸುಳ್ಳು ಹೇಳಲ್ಲ, ಹೊಟ್ಟೆ ಉರಿದಿದೆ. ನನ್ನ ಜೊತೆ ಒಂದೇ ವಾರ ಸೇರಿದವನಿಗೆ ಬಿಳಿ ಬೆಲ್ಟ್ ಮೇಲೆ, ಮುಂದಿನ ಬೆಲ್ಟ್‌ಗೆ ಮುಂಚೆ ಪ್ರಗತಿ ಗುರುತಿಸಿ ಹಾಕುವ ಮೂರನೇ ಪಟ್ಟಿ ಬಿದ್ದಾಗ ನನ್ನದರಲ್ಲಿ ಒಂದೇ ಇತ್ತು. ಬ್ಲ್ಯಾಕ್ ಬೆಲ್ಟ್‌ಗೆ ಹತ್ತು ವರ್ಷದ ಆಸುಪಾಸು ಹಿಡಿಯುವ ಆಟದಲ್ಲಿ ಎರಡು ಪಟ್ಟಿಯ ವ್ಯತ್ಯಾಸಕ್ಕೆ ಏನು ಬೆಲೆ ಅಂತ ಈಗ ಕೇಳಬಹುದು. ಆವತ್ತು ಮಾತ್ರ ನಿದ್ದೆ ಬರಲಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ನಾನು ಬೆಳೆಯುತ್ತಲೇ ಇಲ್ಲ ಎನ್ನುವ ಭಾವನೆ. ನಮ್ಮ ಜೊತೆ ಆಡುವವರೂ ಕಲಿಯುತ್ತಾ ಹೋಗುತ್ತಾರಲ್ಲ, ಹಾಗಾಗಿ ಅಂತರ ಅಷ್ಟೇ ಉಳಿದಂತೆ ಕಾಣುತ್ತೆ. ಹೊಸಬರೊಬ್ಬರು ಬಂದು ನನ್ನ ಕೆಳಗೆ ಸಿಕ್ಕಿ ಎರಡೂ ಅಂಗೈಯಲ್ಲಿ ಎದೆ ತಳ್ಳಿದ ದಿನ ನನಗೆ ಅದು ಅರ್ಥವಾಯಿತು.

ಮೊದಲ ದಿನ ನನ್ನನ್ನು ಮ್ಯಾಟಿಗೆ ಒತ್ತಿದ ಆ ಹೆಂಗಸು ಈಗ ಪರ್ಪಲ್ ಬೆಲ್ಟ್, ನನಗಿಂತ ಒಂದು ಮೆಟ್ಟಿಲು ಮೇಲೆ. ಹೋದ ವಾರ ಅವರ ಜೊತೆ ಐದು ನಿಮಿಷ ಆಡಿದೆ, ಒಂದೇ ಸಲ ಟ್ಯಾಪ್, ಅದೂ ಕೊನೆಯ ನಿಮಿಷದಲ್ಲಿ. ಖುಷಿಯಲ್ಲಿ ಹೋಗಿ ಕೇಳಿದೆ, ಎಲ್ಲಿ ತಪ್ಪಾಯ್ತು ಅಂತ. "ಎಡ ಮೊಣಕೈ. ಪಕ್ಕೆ ಬಿಟ್ಟು ದೂರ ಹೋಗುತ್ತೆ ನಿಮ್ಮದು, ನಾನು ಅದನ್ನೇ ಕಾಯ್ತಾ ಇದ್ದೆ," ಅಂದರು. ಸರಿ, ಇನ್ನು ಬಿಡಲ್ಲ ಅಂದೆ. ಮುಂದಿನ ರೌಂಡಿನಲ್ಲಿ ಮತ್ತೆ ಅದೇ ಮೊಣಕೈ.