ಚುರೋಸ್‌ಗೂ ಮೊದಲು ಹಿಟ್ಟು ಉಕ್ಕರಿಸುವುದನ್ನು ಕಲಿಯಿರಿ

ಹೋದ ವಾರ ಮೊಮ್ಮಗಳು ಏರ್ ಫ್ರೈಯರ್‌ನಲ್ಲಿ ಚುರೋಸ್ ಮಾಡಿದಳು. ಚುರೋಸ್ ಅಂದರೆ ಮೈದಾ ಹಿಟ್ಟನ್ನು ನಕ್ಷತ್ರದ ತೂತಿನಲ್ಲಿ ಕಡ್ಡಿಯಾಗಿ ಒತ್ತಿ, ಗರಿಗರಿ ಮಾಡಿ ಸಿಹಿಯ ಜೊತೆ ತಿನ್ನುವ ತಿಂಡಿ. ಬಟ್ಟಲಿಗೆ ಮೈದಾ ಸುರಿದಳು, ಕೆಟಲ್‌ನಿಂದ ಬಿಸಿನೀರು ಹೊಯ್ದಳು, ಚಮಚದಲ್ಲಿ ನಾಲ್ಕು ಸುತ್ತು ಕಲಸಿದಳು, ಅದನ್ನೇ ಪ್ಲಾಸ್ಟಿಕ್ ಕವರಿಗೆ ತುಂಬಿ ನೇರವಾಗಿ ಬುಟ್ಟಿಯೊಳಗೆ ಹಿಂಡಿಬಿಟ್ಟಳು. ಹಿಟ್ಟು ಬುಟ್ಟಿಯ ತೂತುಗಳಲ್ಲಿ ಇಳಿದು ಜೋತುಬಿತ್ತು. ಹದಿನೈದು ನಿಮಿಷ ಬಿಟ್ಟು ತೆಗೆದರೆ ಮೇಲೆ ಬಿಳಿಚಿಕೊಂಡ ಸಿಪ್ಪೆ, ಒಳಗೆ ಅಂಟು. ಆಮೇಲೆ ಮಿಷನ್ ಮೇಲೆ ತಪ್ಪು. "ಅಜ್ಜಿ, ಇದರಲ್ಲಿ ಚುರೋಸ್ ಎಲ್ಲ ಸರಿಯಾಗಿ ಬರಲ್ಲ" ಅಂದಳು. ಬರುತ್ತದೆ ಕಣೇ. ಹಿಟ್ಟು ಬೇಯಿಸದೆ ಒಲೆಯನ್ನು ಬೈದರೆ ಏನು ಬಂತು?

ಇವಳೊಬ್ಬಳೇ ಅಲ್ಲ, ನಮ್ಮ ಅಪಾರ್ಟ್‌ಮೆಂಟಿನ ಇನ್ನೂ ಇಬ್ಬರು ಹುಡುಗಿಯರು ಇದೇ ತಪ್ಪು ಮಾಡಿ ಅರ್ಧ ಕೆಜಿ ಮೈದಾ ಹಾಳು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಬರೆಯಲು ಕೂತೆ.

ನಾನು ಚುರೋಸ್ ಮೊದಲು ತಿಂದದ್ದು ಮಗಳ ಬಾಣಂತನಕ್ಕೆ ಟೆಕ್ಸಾಸ್‌ಗೆ ಹೋಗಿದ್ದಾಗ. ಪಕ್ಕದ ಮನೆಯಲ್ಲಿ ಮೆಕ್ಸಿಕೋದ ಒಬ್ಬ ಹೆಂಗಸು ಇದ್ದಳು, ನನ್ನ ವಯಸ್ಸಿನವಳೇ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಒಂದು ಭಾನುವಾರ ಅವಳ ಅಡುಗೆಮನೆಗೆ ಹೋದರೆ ಕೈಯಲ್ಲಿ ಚಕ್ಕುಲಿ ಒರಳು! ತಗಡಿನದು, ಮೇಲಿಂದ ಒತ್ತುವ ಹಿಡಿ, ಕೆಳಗೆ ನಕ್ಷತ್ರದ ತೂತು. ಚುರ್ರೇರಾ ಅಂತಾರಂತೆ. ನಾನು ನಗುತ್ತಾ ಅವಳ ಕೈಯಿಂದ ಒರಳು ಇಸಿದುಕೊಂಡು ಎರಡು ಕಡ್ಡಿ ಒತ್ತಿದೆ, ಅವಳು ಕಣ್ಣರಳಿಸಿ ನೋಡಿದಳು. ಒತ್ತುವ ಕೈಗೆ ಯಾವ ದೇಶ ಆದರೇನು.

ಒಂದು ವಿಷಯ ತಿಳಿದಿರಲಿ. ಇದು ಸ್ಪೇನ್ ದೇಶದ ತಿಂಡಿ. ಅಲ್ಲಿ ಬೆಳಗಿನ ಹೊತ್ತು ಗಟ್ಟಿಯಾದ ಬಿಸಿ ಚಾಕೊಲೇಟಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಮ್ಯಾಡ್ರಿಡ್‌ನಲ್ಲಿ ಸಾನ್ ಹಿನೆಸ್ ಅಂತ ಒಂದು ಅಂಗಡಿ 1894ರಿಂದ ಇದೇ ಕೆಲಸ ಮಾಡಿಕೊಂಡಿದೆ. ಚಕ್ಕೆಪುಡಿ ಸಕ್ಕರೆಯಲ್ಲಿ ಹೊರಳಿಸುವುದು ಹೆಚ್ಚಾಗಿ ಮೆಕ್ಸಿಕೋ ಕಡೆಯ ರೂಢಿ. ಮೊಟ್ಟೆ ಹಾಕದಿದ್ದರೆ ಆಗಲ್ಲ ಅಂತ ನಮ್ಮ ಹುಡುಗಿಯರು ಹೇಳುತ್ತಾರಲ್ಲ, ಅದು ಸುಳ್ಳು. ಸ್ಪೇನಿನ ಹಳೇ ಪದ್ಧತಿಯಲ್ಲಿ ಇರುವುದು ಮೈದಾ, ನೀರು, ಉಪ್ಪು, ಅಷ್ಟೇ. ಮೊಟ್ಟೆ ಹಾಕುವುದು ಕೆಲವರ ರೂಢಿ. ಹಾಗಾಗಿ ಸಸ್ಯಾಹಾರಿಗಳು ಸುಮ್ನೆ ಹೆದರಬೇಡಿ.

ಈಗ ಹಿಟ್ಟಿನ ವಿಷಯ. ಸ್ಪೇನ್‌ನಲ್ಲೂ ಕುದಿಯುವ ನೀರನ್ನು ಹಿಟ್ಟಿನ ಮೇಲೆ ಹೊಯ್ದು ಕಲಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರು ಬಿಡುವುದು ಕಾದ ಎಣ್ಣೆಗೆ. ಎಣ್ಣೆ ನಾಲ್ಕೂ ಕಡೆಯಿಂದ ಹಿಡಿದು ಒಂದೇ ಸಲಕ್ಕೆ ನೀರನ್ನು ಹೊರಗೆ ಹಾಕುತ್ತದೆ. ಏರ್ ಫ್ರೈಯರ್ ಅಂದರೆ ಏನು? ಕಾದ ಕಂಬಿ, ಅದರ ಹಿಂದೆ ಫ್ಯಾನು, ಸುತ್ತುವ ಬಿಸಿಗಾಳಿ. ಗಾಳಿಗೆ ಎಣ್ಣೆಯ ಕೈ ಇಲ್ಲ. ಹಿಟ್ಟಿನಲ್ಲಿ ನೀರು ಜಾಸ್ತಿ ಉಳಿದಿದ್ದರೆ ಅದು ಆರುವಷ್ಟರಲ್ಲಿ ಮೇಲಿನ ಗೆರೆ ಕರಗಿ, ಕಡ್ಡಿ ಚಪ್ಪಟೆಯಾಗಿ, ಒಳಗೆ ಹಸಿ ಉಳಿಯುತ್ತದೆ. ಆದ್ದರಿಂದ ಹಿಟ್ಟನ್ನು ಮರಳುವ ನೀರಿಗೆ ಹಾಕಿ ತಿರುಗಿಸುತ್ತಾ ಬೇಯಿಸಿ, ಅಂದರೆ ಉಕ್ಕರಿಸಿ, ಆ ನೀರನ್ನು ಒಲೆಯ ಮೇಲೇ ಆರಿಸಿಕೊಳ್ಳಬೇಕು. ಉಕ್ಕರಿಸಿದ ಅಕ್ಕಿ ರೊಟ್ಟಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳಿದವರು ಗಮನ ಕೊಟ್ಟು ಓದಿ.

ದಪ್ಪ ತಳದ ಪಾತ್ರೆಗೆ ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ, ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಹಾಕಿ. ಬೆಣ್ಣೆ ಬಿಡಬೇಡಿ. ಕರಿಯುವಾಗ ಎಣ್ಣೆ ಹೊರಗಿಂದ ಬರುತ್ತದೆ, ಇಲ್ಲಿ ಜಿಡ್ಡು ಹಿಟ್ಟಿನೊಳಗೇ ಇರಬೇಕು. ನೀರು ಮರಳಬೇಕು, ಬರೀ ಆವಿ ಬಂದರೆ ಸಾಲದು. ಮರಳಿದಾಗ ಉರಿ ಸಣ್ಣ ಮಾಡಿ ಅದೇ ಲೋಟದಲ್ಲಿ ಒಂದು ಲೋಟ ಜರಡಿ ಹಿಡಿದ ಮೈದಾವನ್ನು ಒಂದೇ ಸಲಕ್ಕೆ ಸುರಿಯಿರಿ. ರಾಗಿ ಹಿಟ್ಟಿನ ಹಾಗೆ ಗುಪ್ಪೆ ಹಾಕಿ ಬೇಯಲು ಬಿಡಬೇಡಿ, ಮೈದಾ ಗಂಟಾಗುತ್ತದೆ. ಸುರಿದ ಕ್ಷಣದಿಂದಲೇ ತಿರುಗಿಸಬೇಕು.

ತಿರುಗಿಸುವುದು ಯಾವುದರಲ್ಲಿ? ಮುದ್ದೆ ಕೋಲಿನಲ್ಲಿ. ನಾನು ಇದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಆ ಮೆತ್ತನೆಯ ರಬ್ಬರಿನ ಸೌಟು ಬಾಗುತ್ತದೆ, ಸ್ಟೀಲಿನದು ಕೈ ಸುಡುತ್ತದೆ. ಮರದ ಕೋಲು ಹಿಟ್ಟನ್ನು ಒತ್ತಿ ಅರೆಯುತ್ತದೆ, ಸಣ್ಣ ಗಂಟೂ ಉಳಿಯುವುದಿಲ್ಲ. ನಮ್ಮಮ್ಮ ಹಾಸನದ ಕಡೆ ಹಳ್ಳಿಯಲ್ಲಿ ಸೌದೆ ಒಲೆಯಿಂದ ಪಾತ್ರೆ ಇಳಿಸಿ, ಕವೆಗೋಲು ಕೊಟ್ಟು, ಕಾಲಿನಲ್ಲಿ ಅದುಮಿ ಹಿಡಿದು ಹದಿನೆಂಟು ಮಂದಿಗೆ ಮುದ್ದೆ ತಿರುವುತ್ತಿದ್ದಳು. ಬೆವರು ಒರೆಸಿಕೊಳ್ಳಲೂ ಕೈ ಬಿಡುತ್ತಿರಲಿಲ್ಲ. ನಡುವೆ ಕೈ ನಿಂತರೆ ಹದ ಹೋಗುತ್ತದೆ ಅನ್ನೋಳು. ನಿಮ್ಮದು ಒಂದು ಲೋಟ ಹಿಟ್ಟು, ನಾಲ್ಕು ನಿಮಿಷದ ಕೆಲಸ. ಅಷ್ಟು ಹೊತ್ತು ಫೋನ್ ಪಕ್ಕಕ್ಕಿಡಿ.

ಮೊದಲ ನಿಮಿಷ ಹಿಟ್ಟು ಹರಿದ ಹತ್ತಿಯ ಹಾಗೆ ಚೂರುಚೂರಾಗಿರುತ್ತದೆ. ಆಮೇಲೆ ಒಂದಾಗುತ್ತದೆ. ಎಲ್ಲರೂ ಇಲ್ಲಿಗೇ ಉರಿ ಆರಿಸಿಬಿಡುತ್ತಾರೆ, ತಪ್ಪು ಆಗುವುದೇ ಇಲ್ಲಿ. ಇನ್ನೂ ತಿರುಗಿಸಿ. ಪಾತ್ರೆಯ ಬದಿಗೆ ಒತ್ತಿ, ಮಡಿಸಿ, ಮತ್ತೆ ಒತ್ತಿ. ಸ್ವಲ್ಪ ಹೊತ್ತಿಗೆ ಹಿಟ್ಟು ಬದಿ ಬಿಟ್ಟು ಕೋಲಿನ ಜೊತೆ ಸುತ್ತಲು ಶುರುವಾಗುತ್ತದೆ. ಪಾತ್ರೆಯ ತಳದಲ್ಲಿ ಹಾಲಿನ ಕೆನೆಯ ಹಾಗೆ ತೆಳ್ಳನೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆ ಕಂಡ ಮೇಲೂ ಒಂದು ನಿಮಿಷ. ಮುಖಕ್ಕೆ ಹೊಡೆಯುವ ಆವಿ ಕಮ್ಮಿಯಾಗಬೇಕು, ಹಸಿ ಮೈದಾದ ವಾಸನೆ ಹೋಗಿ ಬೆಣ್ಣೆಯ ಘಮ ಬರಬೇಕು. ಕೋಲನ್ನು ನಡುವೆ ನೆಟ್ಟು ಕೈ ಬಿಡಿ, ವಾಲದೆ ನಿಲ್ಲಬೇಕು. ಇನ್ನೂ ಅನುಮಾನ ಇದ್ದರೆ ಒಂದು ಚೂರು ತೆಗೆದು ಬೆರಳಲ್ಲಿ ಉಂಡೆ ಕಟ್ಟಿ ನೋಡಿ. ಬೆರಳಿಗೆ ಮೆತ್ತಿಕೊಂಡರೆ ಆಗಿಲ್ಲ, ಜಿಡ್ಡು ಸವರಿ ಬಿಟ್ಟುಕೊಟ್ಟರೆ ಆಗಿದೆ.

ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಐದಾರು ನಿಮಿಷ ಬಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಅಂಗೈಗೆ ಎಣ್ಣೆ ಸವರಿಕೊಂಡು ಚಪಾತಿ ಹಿಟ್ಟಿನ ಹಾಗೆ ನಾದಿ. ಪೂರ್ತಿ ಆರಿದರೆ ಒತ್ತಲು ಬರುವುದಿಲ್ಲ, ಭುಜ ನೋಯುತ್ತದೆ.

ಒರಳಿಗೆ ಒಂದೇ ತೂತಿನ ನಕ್ಷತ್ರದ ಬಿಲ್ಲೆ ಹಾಕಿ. ಸೇವೆಯ ಬಿಲ್ಲೆಯೂ ಬೇಡ, ಉರುಟು ತೂತೂ ಬೇಡ. ಆ ಗೆರೆಗಳು ಚಂದಕ್ಕೆ ಮಾತ್ರ ಇರುವುದಲ್ಲ. ಗೆರೆ ಇದ್ದರೆ ಶಾಖ ಒಳಗಿನವರೆಗೆ ಸಮನಾಗಿ ಹೋಗುತ್ತದೆ, ಆವಿ ಹೊರಬರಲು ದಾರಿಯಾಗುತ್ತದೆ. ನುಣುಪಾದ ಕಡ್ಡಿಯ ಮೇಲ್ಭಾಗ ಮೊದಲು ಗಟ್ಟಿಯಾಗಿ ಒಳಗಿನ ಆವಿ ಸಿಕ್ಕಿಕೊಂಡರೆ ಸಿಡಿಯಬಹುದು. ಚಿಲಿ ದೇಶದಲ್ಲಿ 2004ರಲ್ಲಿ ಒಂದು ಪತ್ರಿಕೆ ಚುರೋಸ್ ಮಾಡುವ ವಿಧಾನ ಅಚ್ಚು ಹಾಕಿತ್ತು. ಅದರಲ್ಲಿ ಹೇಳಿದ್ದ ಎಣ್ಣೆಯ ಕಾವು ಜಾಸ್ತಿಯಾಗಿ, ಮಾಡಿದವರ ಮನೆಗಳಲ್ಲಿ ಚುರೋಸ್ ಸಿಡಿದು ಮೈ ಸುಟ್ಟುಕೊಂಡರು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 13 ಮಂದಿಗೆ ಪತ್ರಿಕೆಯೇ ಪರಿಹಾರ ಕೊಡಬೇಕು ಅಂದಿತು. ಏರ್ ಫ್ರೈಯರ್‌ನಲ್ಲಿ ಕಾದ ಎಣ್ಣೆ ಇಲ್ಲದ್ದರಿಂದ ಆ ಭಯ ಇಲ್ಲ, ಮಕ್ಕಳಿರುವ ಮನೆಗೆ ಅದೇ ದೊಡ್ಡ ಲಾಭ. ಆದರೂ ಒರಳಿಗೆ ಹಿಟ್ಟು ತುಂಬುವಾಗ ಬೆರಳಲ್ಲಿ ಒತ್ತಿ ಒತ್ತಿ ತುಂಬಿ. ನಡುವೆ ಗಾಳಿ ಉಳಿದರೆ ಕಡ್ಡಿ ಒತ್ತುವಾಗಲೇ ತುಂಡಾಗುತ್ತದೆ.

ಒರಳಿನ ಮಾತು ಬಂತು, ಹೇಳಿಯೇಬಿಡುತ್ತೇನೆ. ಹಿತ್ತಾಳೆ ಒರಳನ್ನು ಡಿಶ್‌ವಾಷರ್‌ಗೆ ಹಾಕಬೇಡಿ. ನನ್ನ ಸೊಸೆ ಒಂದು ಸಲ ಹಾಕಿದಳು, ನನ್ನ ಮದುವೆಯಲ್ಲಿ ಕೊಟ್ಟಿದ್ದ ಒರಳು ಕಪ್ಪು ಕಲೆಯಾಗಿ ಹೊರಗೆ ಬಂತು. ಹಿಟ್ಟು ಒಣಗುವ ಮುಂಚೆ ಬಿಸಿನೀರಿನಲ್ಲಿ ನೆನೆಸಿ, ಬಿಲ್ಲೆಯ ತೂತನ್ನು ಪೊರಕೆ ಕಡ್ಡಿಯಲ್ಲಿ ಬಿಡಿಸಿ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ತಕ್ಷಣ ಒರೆಸಿ ಬಿಸಿಲಿಗಿಡಿ. ಫ್ರೈಯರ್ ಬುಟ್ಟಿಗೆ ಮಾತ್ರ ಇದು ಬೇಡ, ಸ್ಟೀಲ್ ಜುಂಗೂ ಬೇಡ, ಅದರ ಲೇಪ ಎದ್ದುಹೋಗುತ್ತದೆ. ಮೆತ್ತನೆ ಸ್ಪಂಜು, ಸೋಪಿನ ನೀರು ಸಾಕು.

ಕಡ್ಡಿಗಳನ್ನು ಬೇಕಿಂಗ್ ಪೇಪರ್ ಮೇಲೆ ಗೇಣುದ್ದ ಒತ್ತಿ, ಕತ್ತರಿಗೆ ಎಣ್ಣೆ ಸವರಿ ತುಂಡು ಮಾಡಿ. ಕೈಯಲ್ಲಿ ಎಳೆದು ಹರಿದರೆ ತುದಿ ಬಾಲದ ಹಾಗೆ ಆಗಿ ಅಲ್ಲೇ ಮೊದಲು ಸೀಯುತ್ತದೆ. ತಟ್ಟೆ ಸಮೇತ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ. ಬೆಣ್ಣೆ ಗಟ್ಟಿಯಾಗಿ ಕಡ್ಡಿ ನೆಟ್ಟಗಾಗುತ್ತದೆ, ಕೈಯಲ್ಲಿ ಎತ್ತಿದರೂ ಬಾಗುವುದಿಲ್ಲ, ಬುಟ್ಟಿಯ ತೂತಿಗೂ ಇಳಿಯುವುದಿಲ್ಲ. ಇಷ್ಟೂ ತಾಳ್ಮೆ ಇಲ್ಲ ಅಂದರೆ ಉಪ್ಪಿಟ್ಟು ಮಾಡಿಕೊಂಡು ತಿನ್ನಿ.

ಫ್ರೈಯರ್ ಅನ್ನು 190 ಡಿಗ್ರಿಗೆ ಮೊದಲೇ ಕಾಯಿಸಿ. ಖಾಲಿ ಬುಟ್ಟಿಯಲ್ಲಿ ಪೇಪರ್ ಹಾಕಿ ಕಾಯಿಸಬೇಡಿ, ಫ್ಯಾನಿನ ಗಾಳಿಗೆ ಅದು ಹಾರಿ ಕಂಬಿಗೆ ತಾಗಿ ಹೊತ್ತಿಕೊಳ್ಳಬಹುದು. ಕಡ್ಡಿಗಳಿಗೆ ಎಣ್ಣೆ ಸವರುವಾಗ ಬ್ರಷ್ ಗೆರೆಗಳ ಒಳಗೂ ಹೋಗಲಿ. ಒಂದರ ಪಕ್ಕ ಒಂದು, ನಡುವೆ ಬೆರಳು ತೂರುವಷ್ಟು ಜಾಗ. ಒಂದೇ ಸಲಕ್ಕೆ ಎಲ್ಲ ತುರುಕಿದರೆ ಗಾಳಿ ಆಡುವುದೆಲ್ಲಿ? ಹತ್ತರಿಂದ ಹನ್ನೆರಡು ನಿಮಿಷ, ನಡುವೆ ಒಂದು ಸಲ ತಿರುವಿ. ಚಕ್ಕುಲಿ ಬಿಲ್ಲೆಯ ಕಡ್ಡಿ ಸಣ್ಣದು, ಎಂಟು ನಿಮಿಷಕ್ಕೇ ಇಣುಕಿ ನೋಡಿ. ಬಣ್ಣ ಎಣ್ಣೆಯಲ್ಲಿ ಕರಿದಷ್ಟು ಕೆಂಪಗೆ ಬರುವುದಿಲ್ಲ, ಅದಕ್ಕೆ ಕಾಯುತ್ತಾ ಕೂತರೆ ಒಣಗಿ ಕಡ್ಡಿಯಾಗುತ್ತದೆ. ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನಬೇಕು, ಮುರಿದರೆ ಒಳಗೆ ಮೆತ್ತಗೆ ಇರಬೇಕು.

ಸಕ್ಕರೆಗೆ ಚಕ್ಕೆಯನ್ನು ಮನೆಯಲ್ಲೇ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಬೆರೆಸಿ. ಪ್ಯಾಕೆಟ್ ಪುಡಿಗೆ ಆ ಘಾಟು ಎಲ್ಲಿಂದ ಬರಬೇಕು? ಏರ್ ಫ್ರೈಯರ್ ಚುರೋಸ್‌ನ ಮೈ ಒಣಗಿರುತ್ತದೆ, ಸಕ್ಕರೆ ಹಿಡಿಯುವುದಿಲ್ಲ. ಹಾಗಾಗಿ ತೆಗೆದ ತಕ್ಷಣ ಕರಗಿದ ಬೆಣ್ಣೆ ತೆಳ್ಳಗೆ ಸವರಿ, ಬಿಸಿಬಿಸಿ ಇರುವಾಗಲೇ ಹೊರಳಿಸಿ. ಅದ್ದಿಕೊಳ್ಳಲು ಚಾಕೊಲೇಟ್ ಬೇಕೆಂದರೆ ಹಾಲು, ಕೋಕೋ, ಸಕ್ಕರೆ ಕುದಿಸಿ, ತಣ್ಣನೆ ಹಾಲಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿ. ಸೌಟಿನಿಂದ ನಿಧಾನ ಇಳಿಯುವಷ್ಟು.

ಸಂಜೆಗೆ, ನಾಳೆಗೆ ಅಂತ ಮಾಡಿಡಬೇಡಿ, ಗಂಟೆ ಕಳೆದರೆ ಮೆತ್ತಗಾಗುತ್ತದೆ. ಬೇಕಾದಷ್ಟೇ ಬೇಯಿಸಿ, ಉಳಿದ ಹಸಿ ಕಡ್ಡಿಗಳನ್ನು ಪೇಪರ್ ಸಮೇತ ಫ್ರೀಜರ್‌ನಲ್ಲಿಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ಹಾಕಿ. ಬೇಕಾದಾಗ ಕರಗಿಸದೆ ಹಾಗೇ ಎಣ್ಣೆ ಸವರಿ ಬುಟ್ಟಿಗೆ ಹಾಕಿದರಾಯಿತು, ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಮೊಮ್ಮಗಳಿಗೆ ಅಂತ ಹನ್ನೆರಡು ಕಡ್ಡಿ ಒತ್ತಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಮುಂದಿನ ಸಲದ ಹಿಟ್ಟನ್ನು ಅವಳೇ ಉಕ್ಕರಿಸಬೇಕು, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ.