ಆರ್‌ಸಿ (ರಿಮೋಟ್) ಕಾರಿಗೆ ಹೊರದೇಶದ ಅಗ್ಗದ ಬ್ಯಾಟರಿ ತರಿಸೋರು ಓದ್ರಿ

ಹುಬ್ಬಳ್ಳಿ-ಧಾರವಾಡದಾಗ ಆರ್‌ಸಿ ಕಾರ್ ಓಡ್ಸೋರು ಬಾಳ ಮಂದಿ ಚೀನಾದಿಂದ ಲಿಥಿಯಂ ಬ್ಯಾಟರಿ ತರಸಾಕ ನೋಡಾಕತ್ತೀರಿ. ತರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಲೇಬಲ್ ಮ್ಯಾಲಿನ ನಂಬರ್ ನಂಬಬ್ಯಾಡ್ರಿ.

18650 ಅನ್ನೋ ದುಂಡನ ಸೆಲ್ ಮ್ಯಾಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡೀತೈತಿ ಅನ್ನೋ ಅಳತಿ) ಅಂತ ಬರದಿತ್ತಂದ್ರ ಅದು ಖರೇನ ಸುಳ್ಳು. ಆ ಅಳತಿ ಸೆಲ್ಲಿನಾಗ ಚಲೋ ಕಂಪನಿದೂ 3500 ಆಸುಪಾಸ ಇರತೈತಿ. ಕಿರಾಣಿ ಅಂಗಡಿ ಡಿಜಿಟಲ್ ತಕ್ಕಡಿ ಸಾಕು: ಅಸಲಿ ಸೆಲ್ 45 ಗ್ರಾಂ ಹತ್ರ ತೂಗತೈತಿ, ಬಾಳ ಹಗುರ ಇದ್ರ ಒಳಗ ಮಾಲ್ ಇಲ್ಲ. ಲಿಪೋ (ಲಿಥಿಯಂ-ಪಾಲಿಮರ್) ಪ್ಯಾಕಿನ ‘ಸಿ’ ನಂಬರೂ ಹಂಗ; ಪ್ಯಾಕಿನ ಆಂಪಿಯರ್-ತಾಸಿನ ಎಷ್ಟು ಪಟ್ಟು ಕರೆಂಟ್ ಕೊಡತೈತಿ ಅನ್ನೋದು ಅದು. 5000 ಎಂಎಎಚ್ (5 ಆಂಪಿಯರ್-ತಾಸು), 100ಸಿ ಅಂದ್ರ 500 ಆಂಪಿಯರ್ ಆತು! ಆ ತೆಳ್ಳನ ವೈರ್ ಅಷ್ಟು ತಡೀತೈತೇನ್ರಿ?

ಬಿಡಿ ಲಿಥಿಯಂ-ಅಯಾನ್ ಬ್ಯಾಟರಿನ ಪ್ರಯಾಣಿಕರ ವಿಮಾನದಾಗ ಸರಕಾಗಿ ಕಳಸೋದು 2016ರಿಂದ ಬಂದ್ ಐತಿ. ಹಿಂಗಾಗಿ ತಡ ಆಗತೈತಿ, ಕಸ್ಟಮ್ಸ್ ಖರ್ಚೂ ಹಿಡೀರಿ. ಎಲ್ಲಾ ಕೂಡಿಸಿದ್ರ ಒಮ್ಮೊಮ್ಮೆ ಬೆಂಗಳೂರಿಂದ ತರಿಸಿದ್ದ ಸೋವಿ ಬೀಳತೈತಿ.

ಪಾರ್ಸಲ್ ಬಂದ ಕೂಡಲೆ ಚಾರ್ಜಿಗೆ ಹಚ್ಚಬ್ಯಾಡ್ರಿ. ಬ್ಯಾಲೆನ್ಸ್ ವೈರಿನಾಗ (ಒಂದೊಂದ ಸೆಲ್ಲಿಂದ ಹೊರಗ ಬಂದ ಸಣ್ಣ ವೈರು) ಒಂದೊಂದ ಸೆಲ್ಲಿನ ವೋಲ್ಟ್ ಮೀಟರ್ ಹಿಡದ ನೋಡ್ರಿ. 3.7 ವೋಲ್ಟ್ ಸುತ್ತಮುತ್ತ ಇದ್ರ ಚಲೋ. 3ಕ್ಕಿಂತ ಕಡಿಮಿ ಇದ್ರ, ಪ್ಯಾಕ್ ಉಬ್ಬಿದ್ರ ಫೋಟೋ ತಗದು ರೊಕ್ಕ ವಾಪಸ್ ಕೇಳ್ರಿ. ಮೊದಲನೇ ಚಾರ್ಜ್ 1ಸಿ (5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್) ದಾಟಬಾರ್ದು, ಫರಸಿ ಮ್ಯಾಲೆ ಇಟ್ಟು, ನೀವು ಅಲ್ಲೇ ಇರ್ರಿ. ಏಪ್ರಿಲ್ ಬಿಸಲಾಗ ಗಾಡಿ ಡಿಕ್ಕಿಯೊಳಗ ಮಾತ್ರ ಇಡಬ್ಯಾಡ್ರಿ. ಹಾಂ, ಆರ್ಡರ್ ಮಾಡೋಕಿಂತ ಮೊದಲ ನಿಮ್ಮ ಕಾರಿನ ಪ್ಲಗ್ ಎಕ್ಸ್‌ಟಿ60 ಐತೋ ಟಿ-ಪ್ಲಗ್ ಐತೋ ನೋಡ್ಕೊರಿ.