ಷೇರುಪೇಟೆಯಲ್ಲಿ ಸರ್ಕಾರದ, ಬ್ಯಾಂಕಿನ ಕೈವಾಡ: ನಾನು ಲೆಕ್ಕ ತೆಗೆದು ನೋಡಿದ್ದು

ಬೆಳಗ್ಗೆ ಬಿದ್ದ ಮಾರುಕಟ್ಟೆ ಮಧ್ಯಾಹ್ನ ಎದ್ದು ನಿಂತರೆ ಸಾಕು, ಯಾರೋ ಮೇಲಿನವರು ಎತ್ತುತ್ತಿದ್ದಾರೆ ಅನ್ನುವ ಮಾತು ಶುರುವಾಗುತ್ತದೆ. ಟ್ರೇಡಿಂಗ್ ಮಾಡುವವರಿಗೆ ಇದೇನು ಹೊಸದಲ್ಲ. ನನಗೂ ಆ ಅನುಮಾನ ಇತ್ತು, ಆದರೆ ಬರೀ ಅನುಮಾನ ನಂಬಿ ದುಡ್ಡು ಹಾಕಲು ಮನಸ್ಸಾಗಲಿಲ್ಲ. ಹಾಗಾಗಿ ಹುಡುಕಾಟವನ್ನು ತಿರುವುಮುರುವು ಮಾಡಿದೆ. ಗುಟ್ಟಾಗಿ ನಡೆದದ್ದು ಹೇಗೂ ನನ್ನ ಕೈಗೆ ಸಿಗುವುದಿಲ್ಲ. ಸರ್ಕಾರವೋ ಕೇಂದ್ರ ಬ್ಯಾಂಕೋ ತಾನೇ ಒಪ್ಪಿಕೊಂಡು ಷೇರು ಕೊಂಡ ಕಡೆ ಬೆಲೆ ಎಷ್ಟು ಅಲುಗಾಡಿತು ಅಂತ ನೋಡಿದರೆ, ಕದ್ದುಮುಚ್ಚಿ ಎಷ್ಟು ಮಾಡಲು ಸಾಧ್ಯ ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ ಅಲ್ವಾ?

ಇದಕ್ಕೆ ಜಪಾನಿಗಿಂತ ಒಳ್ಳೆ ಜಾಗ ಇಲ್ಲ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಜಪಾನ್ 2010ರಿಂದ ಇಟಿಎಫ್ (ಒಂದು ಸೂಚ್ಯಂಕದ ಷೇರುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಪೇಟೆಯಲ್ಲಿ ಮಾರುವ ಫಂಡ್) ಮೂಲಕ ಷೇರು ಕೊಳ್ಳುತ್ತಾ ಬಂತು. 2016ರಲ್ಲಿ ವರ್ಷದ ಗುರಿಯನ್ನು 6 ಲಕ್ಷ ಕೋಟಿ ಯೆನ್‌ಗೆ ಏರಿಸಿತು. ಯಾವ ದಿನ ಎಷ್ಟು ಕೊಂಡಿತು ಅನ್ನುವುದನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತಿತ್ತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಆ ಪಟ್ಟಿಯನ್ನು ಒಂದು ಕಾಲಮ್ಮಿಗೆ ಹಾಕಿ, ಪಕ್ಕದಲ್ಲಿ ಟೋಕಿಯೋ ಪೇಟೆಯ ಟಾಪಿಕ್ಸ್ ಸೂಚ್ಯಂಕದ ಬೆಳಗಿನ ವಹಿವಾಟಿನ ಏರಿಳಿತ ಹಾಕಿದೆ. ಟೋಕಿಯೋದಲ್ಲಿ ಮಧ್ಯಾಹ್ನ ಊಟಕ್ಕೆ ಪೇಟೆ ನಿಲ್ಲುತ್ತದೆ, ಅದು ನನಗೆ ಅನುಕೂಲವಾಯಿತು. ಬೆಳಗ್ಗೆ ಅರ್ಧ ಶೇಕಡಾದಷ್ಟೋ ಅದಕ್ಕಿಂತ ಜಾಸ್ತಿಯೋ ಬಿದ್ದ ದಿನಗಳಲ್ಲಿ ದೊಡ್ಡ ಖರೀದಿ ಕಾಣಿಸುತ್ತದೆ, ಏರಿದ ದಿನ ಬಹುಪಾಲು ಸುಮ್ಮನಿರುತ್ತದೆ. ಕೈವಾಡ ಅನ್ನುವುದಾದರೆ ಇದಕ್ಕಿಂತ ಸ್ಪಷ್ಟವಾದದ್ದು ಬೇಕಾ!

ಆದರೆ ಮುಂದಿನ ಕಾಲಮ್ ನೋಡಿದಾಗ ಕಥೆ ಬೇರೆ. 2018ರಲ್ಲಿ ಆ ಬ್ಯಾಂಕ್ ಸುಮಾರು 6.5 ಲಕ್ಷ ಕೋಟಿ ಯೆನ್ ಸುರಿಯಿತು, ಅಲ್ಲಿಯವರೆಗಿನ ದಾಖಲೆ ಮೊತ್ತ. ಅದೇ ವರ್ಷ ಜಪಾನಿನ ಇನ್ನೊಂದು ಮುಖ್ಯ ಸೂಚ್ಯಂಕ ನಿಕ್ಕೈ ಸುಮಾರು 12% ಕೆಳಗೆ ಮುಗಿಯಿತು. ಹಣ ಮುದ್ರಿಸುವ ಅಧಿಕಾರ ಇರುವವನು, ಬೀಳುವ ದಿನಗಳನ್ನೇ ಆರಿಸಿ, ವರ್ಷಪೂರ್ತಿ ಕೊಂಡರೂ ಪೇಟೆ ಬಿತ್ತು. ಒಂದು ಸಲದ ಖರೀದಿ ಆಗ 7,000 ಕೋಟಿ ಯೆನ್ ಆಸುಪಾಸು, ಟೋಕಿಯೋದ ದಿನದ ವಹಿವಾಟು 2-3 ಲಕ್ಷ ಕೋಟಿ. ಪೆಟ್ಟಿನ ನೋವು ಕಡಿಮೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ.

ನಿಜವಾದ ವಕ್ರತೆ ಸಿಕ್ಕಿದ್ದು ಸೂಚ್ಯಂಕದ ಒಳಗೆ. ನಿಕ್ಕೈಯಲ್ಲಿ ಷೇರಿನ ಬೆಲೆ ಜಾಸ್ತಿ ಇದ್ದಷ್ಟೂ ತೂಕ ಜಾಸ್ತಿ, ಕಂಪನಿ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿ ನಿಕ್ಕೈ ಇಟಿಎಫ್ ಕೊಂಡಷ್ಟೂ ಫಾಸ್ಟ್ ರಿಟೇಲಿಂಗ್‌ನಂಥ ದುಬಾರಿ ಷೇರುಗಳಿಗೆ ಅಳತೆಗೆ ಮೀರಿ ಹಣ ಹರಿಯಿತು. 2021ರ ಏಪ್ರಿಲ್‌ನಿಂದ ಬ್ಯಾಂಕ್ ನಿಕ್ಕೈ ಇಟಿಎಫ್ ಬಿಟ್ಟು ಟಾಪಿಕ್ಸ್‌ನದ್ದು ಮಾತ್ರ ಕೊಳ್ಳತೊಡಗಿತು. 2024ರ ಮಾರ್ಚ್‌ನಲ್ಲಿ ಹೊಸ ಖರೀದಿಯನ್ನೇ ನಿಲ್ಲಿಸಿತು. ಎಲ್ಲರೂ ಸೂಚ್ಯಂಕ ಎಷ್ಟಾಯಿತು ಅಂತ ನೋಡುತ್ತಾ ಕೂತಿರುತ್ತಾರೆ, ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಹಾಂಗ್‌ಕಾಂಗ್. 1998ರ ಆಗಸ್ಟ್‌ನಲ್ಲಿ ಸಟ್ಟಾ ಫಂಡುಗಳು ಒಂದು ಕಡೆ ಅಲ್ಲಿನ ಡಾಲರನ್ನು ಶಾರ್ಟ್ ಮಾಡಿ (ಬೆಲೆ ಬೀಳುತ್ತದೆ ಅಂತ ಸಾಲ ತಂದು ಮಾರಿ) ಬಡ್ಡಿ ಏರಿಸುತ್ತಿದ್ದವು, ಇನ್ನೊಂದು ಕಡೆ ಸೂಚ್ಯಂಕದ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತು ಮಾಡುವ ಒಪ್ಪಂದ) ಶಾರ್ಟ್ ಮಾಡಿ ಕೂತಿದ್ದವು. ಬಡ್ಡಿ ಏರಿದರೆ ಷೇರು ಬೀಳುತ್ತದೆ, ಅವರಿಗೆ ಎರಡೂ ಕಡೆ ಲಾಭ. ಸರ್ಕಾರ ಆಗಸ್ಟ್ 14ರಿಂದ 28ರ ತನಕ 11,800 ಕೋಟಿ ಹಾಂಗ್‌ಕಾಂಗ್ ಡಾಲರ್ ಹಾಕಿ ಷೇರು ಕೊಂಡಿತು. 28 ಯಾಕೆ? ಅವತ್ತು ಫ್ಯೂಚರ್ಸ್ ಎಕ್ಸ್‌ಪೈರಿ, ಅಂದರೆ ಆ ಒಪ್ಪಂದಗಳ ಲೆಕ್ಕ ಚುಕ್ತಾ ಆಗುವ ದಿನ. ಅದರ ಮುಂದಿನ ವಹಿವಾಟಿನ ದಿನ ಸೂಚ್ಯಂಕ ಸುಮಾರು 7% ಬಿತ್ತು ಬಿಡಿ, ಆದರೆ ಶಾರ್ಟ್ ಮಾಡಿದವರಿಗೆ ಬೇಕಾದ ದಿನ ಬೀಳಲಿಲ್ಲ. ಇಲ್ಲಿ ಗೆದ್ದದ್ದು ದಿನಾಂಕದ ಆಯ್ಕೆ. ಕೊಂಡ ಷೇರುಗಳನ್ನು ಮರುವರ್ಷದಿಂದ ಸೂಚ್ಯಂಕವನ್ನು ಹಿಂಬಾಲಿಸುವ ಟ್ರ್ಯಾಕರ್ ಫಂಡ್ ಮಾಡಿ ಜನರಿಗೇ ಮಾರಿದರು.

ಅಮೆರಿಕದ ವಿಷಯ ಬಂದರೆ ಎಲ್ಲರೂ 'ಪ್ಲಂಜ್ ಪ್ರೊಟೆಕ್ಷನ್ ಟೀಮ್' ಅನ್ನುತ್ತಾರೆ, ಅಂದರೆ ಪೇಟೆ ಬೀಳದಂತೆ ಗುಟ್ಟಾಗಿ ಕಾಯುವ ತಂಡ. 1987ರ ಕುಸಿತದ ನಂತರ 1988ರಲ್ಲಿ ರೇಗನ್ ಆದೇಶದಿಂದ ಹುಟ್ಟಿದ ಸಮಿತಿ ಅದು, ಆ ಹೆಸರು ಪತ್ರಿಕೆಯವರು ಇಟ್ಟದ್ದು. ನನಗೆ ಅದರಲ್ಲಿ ಆಸಕ್ತಿ ಉಳಿದಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ಗೆ ಗುಟ್ಟಿನ ತಂಡ ಯಾಕೆ ಬೇಕು? 2020ರ ಮಾರ್ಚ್ 23ರಂದು, ಅಗತ್ಯ ಇರುವಷ್ಟು ಸರ್ಕಾರಿ ಬಾಂಡ್ ಕೊಳ್ಳುತ್ತೇವೆ, ಕಂಪನಿಗಳ ಬಾಂಡಿಗೂ ಕೈ ಹಾಕುತ್ತೇವೆ ಅಂತ ಬಹಿರಂಗವಾಗಿ ಹೇಳಿತು. ಒಂದೂ ಷೇರು ಕೊಳ್ಳಲಿಲ್ಲ. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಕೋವಿಡ್ ಕುಸಿತದ ತಳ ಮುಟ್ಟಿದ್ದು ಅದೇ ದಿನ.

ಕೇಂದ್ರ ಬ್ಯಾಂಕಲ್ಲದ ದೊಡ್ಡ ಬ್ಯಾಂಕುಗಳ ಕಥೆ ಬೇರೆಯೇ. ಅಲ್ಲಿ ಗುಟ್ಟು ಇತ್ತು, ಸಿಕ್ಕಿಬಿದ್ದದ್ದೂ ಆಯಿತು. ಆದರೆ ಸಾಬೀತಾದ ದೊಡ್ಡ ಪ್ರಕರಣಗಳನ್ನು ಒಂದೊಂದಾಗಿ ಓದಿದಾಗ ಅವರು ಪೇಟೆಯನ್ನು ಎತ್ತಿದ್ದೂ ಇಲ್ಲ, ಕೆಡವಿದ್ದೂ ಇಲ್ಲ. ಲೈಬಾರ್ (ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವ ಬಡ್ಡಿಯ ಮಾನದಂಡವಾಗಿದ್ದ ದರ) ಹಗರಣದಲ್ಲಿ ಟ್ರೇಡರ್‌ಗಳು ಕೇಳುತ್ತಿದ್ದದ್ದು ಬಡ್ಡಿದರದಲ್ಲಿ ಶೇಕಡಾ ಒಂದರ ನೂರನೇ ಭಾಗದಷ್ಟು ಆಚೀಚೆ. 2012ರಲ್ಲಿ ಬಾರ್ಕ್ಲೇಸ್ ದಂಡ ಕಟ್ಟಿತು. ಕರೆನ್ಸಿ ಹಗರಣದಲ್ಲಿ ಲಂಡನ್ ಸಂಜೆ ನಾಲ್ಕರ ದರ ನಿಗದಿಯಾಗುತ್ತಿದ್ದದ್ದು 60 ಸೆಕೆಂಡುಗಳಲ್ಲಿ, ಬೇರೆ ಬೇರೆ ಬ್ಯಾಂಕಿನವರು ಚಾಟ್‌ರೂಮಿನಲ್ಲಿ ಮಾತಾಡಿಕೊಂಡು ಆ ಒಂದು ನಿಮಿಷವನ್ನೇ ತಳ್ಳುತ್ತಿದ್ದರು. 2015ರಲ್ಲಿ ಆ ಅವಧಿಯನ್ನು 5 ನಿಮಿಷಕ್ಕೆ ಹಿಗ್ಗಿಸಿದರು. 2020ರಲ್ಲಿ ಜೆಪಿ ಮಾರ್ಗನ್ 92 ಕೋಟಿ ಡಾಲರ್ ಕಟ್ಟಿದ್ದು ಚಿನ್ನ-ಬೆಳ್ಳಿ ಮತ್ತು ಸರ್ಕಾರಿ ಬಾಂಡುಗಳ ಪೇಟೆಯಲ್ಲಿ ಸುಳ್ಳು ಆರ್ಡರ್ ಹಾಕಿ ತೆಗೆಯುತ್ತಿದ್ದ ತನ್ನ ಟ್ರೇಡರ್‌ಗಳಿಂದಾಗಿ. ಎಲ್ಲಾ ಕಡೆ ಒಂದೇ ಚಾಳಿ: ಬೆಲೆ ಗೊತ್ತಾಗುವ ಆ ಸಣ್ಣ ಗಳಿಗೆ, ಅದರಲ್ಲಿ ಸಣ್ಣ ತಳ್ಳು, ಹಿಂದೆ ಆ ಬೆಲೆಯ ಮೇಲೆ ಕಟ್ಟಿದ ದೊಡ್ಡ ಪೊಸಿಷನ್. ಪುಡಿಗಾಸು ಅನ್ನಿಸಬಹುದು, ಆದರೆ ಆ ದರಕ್ಕೆ ಕಟ್ಟಿದ ಒಪ್ಪಂದಗಳ ಗಾತ್ರ ನೋಡಿದರೆ ಪುಡಿಗಾಸಲ್ಲ. ಜೇಬು ಕತ್ತರಿಸಿಕೊಂಡವರಿಗೆ ಗೊತ್ತೂ ಆಗಲಿಲ್ಲ, ನನಗೆ ಸಿಟ್ಟು ಬರುವುದು ಇಲ್ಲೇ.

ಇದನ್ನೆಲ್ಲ ನೋಡಿದ ಮೇಲೆ ನನ್ನ ಟ್ರೇಡಿಂಗಿನಲ್ಲಿ ಬದಲಾದದ್ದು ಕೆಲವೇ. ದಿನದ ಮುಕ್ತಾಯ ಬೆಲೆ ನಿಗದಿಯಾಗುವ ಹೊತ್ತಿನಲ್ಲಿ, ಎಕ್ಸ್‌ಪೈರಿ ದಿನದ ಕೊನೆಯಲ್ಲಿ ನಾನು ಆರ್ಡರ್ ಹಾಕುವುದಿಲ್ಲ, ಹಾಕಲೇಬೇಕಾದರೆ ಲಿಮಿಟ್ ಆರ್ಡರ್ (ನನ್ನ ಬೆಲೆಯನ್ನು ಮೊದಲೇ ಗೊತ್ತು ಮಾಡಿದ ಆರ್ಡರ್) ಮಾತ್ರ. ಪರದೆಯ ಮೇಲೆ ದೊಡ್ಡ ಆರ್ಡರ್ ಕಂಡರೆ ಅದು ಇನ್ನೇನು ಮಾಯವಾಗುತ್ತದೆ ಅಂತಲೇ ಅಂದುಕೊಳ್ಳುತ್ತೇನೆ. ಗಾಬರಿಯ ದಿನಗಳಲ್ಲಿ ಬ್ಯಾಂಕ್ ಷೇರುಗಳನ್ನು ಶಾರ್ಟ್ ಮಾಡುವುದಿಲ್ಲ, ಯಾಕೆಂದರೆ ರಾತ್ರೋರಾತ್ರಿ ನಿಯಮವೇ ಬದಲಾಗಬಹುದು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹಣಕಾಸು ಷೇರುಗಳ ಶಾರ್ಟ್ ಸೆಲ್ಲಿಂಗನ್ನೇ ನಿಷೇಧಿಸಿತು, 2023ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾ ಇಡೀ ಪೇಟೆಗೆ ನಿಷೇಧ ಹೇರಿತು. ಮಧ್ಯಾಹ್ನ ಎದ್ದ ಪೇಟೆಯ ಹಿಂದೆ ಯಾರಿದ್ದಾರೆ ಅಂತ ಯಾರಾದರೂ ಕೇಳಿದರೆ, ಮೊದಲು ಆ ದಿನ ಫ್ಯೂಚರ್ಸ್‌ನ ಓಪನ್ ಇಂಟರೆಸ್ಟ್ (ಇನ್ನೂ ಚುಕ್ತಾ ಆಗದ ಒಪ್ಪಂದಗಳ ಸಂಖ್ಯೆ) ಎಷ್ಟು ಇಳಿಯಿತು ಅನ್ನುವುದು, ಆಮೇಲೆ ಕೇಂದ್ರ ಬ್ಯಾಂಕಿನ ಪ್ರಕಟಣೆ ತೆಗೆದು ತೋರಿಸುತ್ತೇನೆ. ಶಾರ್ಟ್ ಮಾಡಿದವರು ಹೆದರಿ ವಾಪಸ್ ಕೊಂಡದ್ದೇ ಕಾರಣ ಅಂತ ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.